ಎಂಜಿನ್ ಬಿಚ್ಚಿ ಕಟ್ಟಿದ ಎಂಎಕ್ಸ್-5: ಮಾರಾಟಕ್ಕಿಡುವ ಮುಂಚಿನ ಕೆಲಸದ ದಾಖಲೆ

ಬೆಂಗಳೂರಿನಲ್ಲಿ ಹಳೇ ಕಾರು ನೋಡಲು ಬಂದವರು ಬಾನೆಟ್ ಎತ್ತುವ ಮುಂಚೆಯೇ ಕೇಳುವ ಪ್ರಶ್ನೆ ಒಂದಿದೆ: "ಎಂಜಿನ್ ಓಪನ್ ಆಗಿದೆಯಾ?" ಹೌದು ಅಂದ ತಕ್ಷಣ ಬೆಲೆ ಇಳಿಯುತ್ತದೆ. ಅದರಲ್ಲಿ ಅವರ ತಪ್ಪೇನಿಲ್ಲ. ಪಿಸ್ಟನ್ ರಿಂಗ್ ಮಾತ್ರ ಬದಲಿಸಿ, ಹೊಸ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹಾಕಿ, ಬ್ಲಾಕ್‌ಗೆ ಸಿಲ್ವರ್ ಬಣ್ಣ ಬಳಿದು "ಫುಲ್ ಎಂಜಿನ್ ಮಾಡಿಸಿದೆ" ಅನ್ನುವ ಗಾಡಿಗಳು ಊರಲ್ಲಿ ಬೇಕಾದಷ್ಟಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಬ್ಲಾಕ್ ಒಳಗಿನ ಹೋನಿಂಗ್ ಗೆರೆ (ಸಿಲಿಂಡರ್ ಗೋಡೆಗೆ ಕಲ್ಲಿನಿಂದ ಉಜ್ಜಿ ಮೂಡಿಸುವ ಸಣ್ಣ ಗೆರೆ) ಯಾರ ಅಂಗೈಯಲ್ಲೂ ಇಲ್ಲ, ಅದನ್ನು ತೋರಿಸಲು ಕನ್ನಡಿ ಬೇಕೇ ಬೇಕು. ಆ ಕನ್ನಡಿ ಅಂದರೆ ಅಳತೆಯ ಹಾಳೆ. ಚೆನ್ನಾಗಿ ಕಟ್ಟಿದ ಎಂಜಿನ್‌ಗೆ ನ್ಯಾಯವಾದ ಬೆಲೆ ಬರಬೇಕಾದರೆ ಮಾರಾಟದ ತಯಾರಿ ಜಾಹೀರಾತು ಹಾಕುವ ದಿನ ಶುರುವಾದರೆ ಸಾಲದು, ಎಂಜಿನ್ ಇಳಿಸುವ ದಿನವೇ ಶುರುವಾಗಬೇಕು.

ಗಾಡಿ 1992ರ ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. ಎರಡು ಸೀಟು, ಬಟ್ಟೆಯಂಥ ವಿನೈಲ್ ಟಾಪ್, ಬಲಗಡೆ ಸ್ಟೀರಿಂಗ್, ಹಿಂದಿನ ಚಕ್ರಕ್ಕೆ ಡ್ರೈವ್. ಬ್ರಿಟನ್‌ನಲ್ಲಿದ್ದವರು ವಾಪಸ್ ಬರುವಾಗ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅಡಿಯಲ್ಲಿ ತಂದದ್ದು. ಈ ಮಾದರಿ 1989ರ ಷಿಕಾಗೋ ಆಟೋ ಶೋದಲ್ಲಿ ಹೊರಬಂತು. ಕಂಪನಿ ಅದನ್ನು ಇಲ್ಲಿ ಮಾರಿದ್ದೇ ಇಲ್ಲ. ಮಜ್ದಾ ಅಂದರೆ ನಮ್ಮವರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ವ್ಯಾನು. ಎಂಜಿನ್ ಬಿ6: ನಾಲ್ಕು ಸಿಲಿಂಡರ್, 16 ವಾಲ್ವ್, ಎರಡು ಕ್ಯಾಮ್, 78 ಮಿ.ಮೀ. ಬೋರ್ (ಸಿಲಿಂಡರ್ ತೂತಿನ ಅಗಲ), 83.6 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 1598 ಸಿಸಿ. ಮೀಟರ್ 78,400 ತೋರಿಸುತ್ತದೆ, ಆದರೆ ಅದು ಮೈಲಿ. ಕಿಲೋಮೀಟರ್‌ನಲ್ಲಿ ಸುಮಾರು 1,26,000. ಜಾಹೀರಾತಿನಲ್ಲಿ ಇದನ್ನು ಬಿಡಿಸಿ ಬರೆಯದಿದ್ದರೆ ಆಮೇಲೆ "ಮೀಟರ್ ತಿರುಗಿಸಿದ್ದಾರೆ" ಅನ್ನುವ ಮಾತು ಬರುತ್ತದೆ.

ಕಾಯಿಲೆ ಏನಿತ್ತು

ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯೇರುವುದು, ಕೂಲೆಂಟ್ ಕಡಿಮೆಯಾಗುವುದು, ಬೆಳಿಗ್ಗೆ ಸೆಲ್ಫ್ ಹೊಡೆದಾಗ ಸ್ವಲ್ಪ ಹೊತ್ತು ಮೂರೇ ಸಿಲಿಂಡರ್‌ನಲ್ಲಿ ಓಡುವುದು. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿದಾಗ 1 ಮತ್ತು 4ನೇ ಸಿಲಿಂಡರ್‌ನಲ್ಲಿ 150 ಪಿಎಸ್‌ಐ ಆಚೀಚೆ, 2 ಮತ್ತು 3ರಲ್ಲಿ ನೂರಕ್ಕೂ ಕೆಳಗೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ ಅಂದರೆ ಮೊದಲ ಅನುಮಾನ ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ. ಬಿಚ್ಚಿದಾಗ ಅದೇ ಆಗಿತ್ತು.

ಮೂಲ ಕಾರಣ ಮಾತ್ರ ರೇಡಿಯೇಟರ್‌ನಲ್ಲಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ್ದಾರೆ. ನಮ್ಮೂರಿನ ಬೋರ್ ನೀರಿನ ಸುಣ್ಣ ಗೀಸರ್ ಕಾಯಿಲ್‌ಗೆ ಏನು ಮಾಡುತ್ತದೋ ರೇಡಿಯೇಟರ್ ಟ್ಯೂಬ್‌ಗೂ ಅದನ್ನೇ ಮಾಡುತ್ತದೆ. ಈ ಗಾಡಿಯ ರೇಡಿಯೇಟರ್ ಮೇಲಿನ ಟ್ಯಾಂಕ್ ಪ್ಲಾಸ್ಟಿಕ್. ಹೊಸದಾಗಿದ್ದಾಗ ಕಪ್ಪು, ಕಂದು ಬಣ್ಣಕ್ಕೆ ತಿರುಗಿದರೆ ಪ್ಲಾಸ್ಟಿಕ್ ಸುಟ್ಟು ಪೆಡಸಾಗಿದೆ, ಯಾವಾಗ ಬೇಕಾದರೂ ಸೀಳಬಹುದು. ಎಂಜಿನ್ ಮಾಡಿಸಿ ಹಳೇ ರೇಡಿಯೇಟರ್‌ನನ್ನೇ ತೊಳೆದು ಹಾಕಿದರೆ ಅದೇ ಕಾಯಿಲೆ ಮರುಕಳಿಸುತ್ತದೆ. ಹಾಗಾಗಿ ಪಟ್ಟಿಯಲ್ಲಿ ಮೊದಲ ಸಾಮಾನು ರೇಡಿಯೇಟರ್, ಆಮೇಲೆ ಥರ್ಮೋಸ್ಟಾಟ್, ವಾಟರ್ ಪಂಪ್ ಮತ್ತು ಎಲ್ಲಾ ಹೋಸ್‌ಗಳು.

ಬಿಚ್ಚಿ ಅಳೆದದ್ದು

ಎಂಜಿನ್ ಇಳಿಸುವ ಮುಂಚೆ ಮಾಡಬೇಕಾದ ಒಂದು ಕೆಲಸ: ಬ್ಲಾಕ್ ಮೇಲಿನ ಎಂಜಿನ್ ನಂಬರ್ ಉಜ್ಜಿ ಶುಚಿಮಾಡಿ, ಪಕ್ಕದಲ್ಲಿ ಆರ್‌ಸಿ ಹಿಡಿದು ಫೋಟೋ ತೆಗೆಯಿರಿ. ಬ್ಲಾಕ್ ಲೇತ್‌ನಿಂದ (ಬೋರ್ ಕೊರೆಯುವ ವರ್ಕ್‌ಶಾಪಿನಿಂದ) ವಾಪಸ್ ಬಂದ ದಿನವೂ ಅದೇ ಫೋಟೋ. ಬೇರೆ ಬ್ಲಾಕ್ ಹಾಕಿದರೆ ಆರ್‌ಟಿಓದಲ್ಲಿ ಎಂಜಿನ್ ನಂಬರ್ ತಿದ್ದಿಸಬೇಕು. ತಿದ್ದಿಸದೆ ಬಿಟ್ಟರೆ ಮಾರುವ ದಿನ ಪೆನ್ಸಿಲ್ ಪ್ರಿಂಟ್ (ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಆರ್‌ಸಿಗೆ ಹೊಂದುವುದಿಲ್ಲ, ಮಾರಾಟ ಅಲ್ಲೇ ನಿಂತುಹೋಗುತ್ತದೆ. ಇಲ್ಲಿ ಮೂಲ ಬ್ಲಾಕ್‌ನನ್ನೇ ಉಳಿಸಿಕೊಂಡಿದ್ದಕ್ಕೆ ಅರ್ಧ ಕಾರಣ ಇದೇ.

ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿದಾಗ ಮಧ್ಯದಲ್ಲಿ 0.18 ಮಿ.ಮೀ. ಬಾಗು. ಮಿತಿ 0.15. ಒಟ್ಟು 0.20ಕ್ಕಿಂತ ಹೆಚ್ಚು ಫೇಸಿಂಗ್ (ಮೇಲ್ಮೈ ತುರಿದು ಸಮ ಮಾಡುವುದು) ಮಾಡುವಂತಿಲ್ಲ. ಆದ್ದರಿಂದ ಲೇತ್‌ನವರಿಗೆ "ಸಾಫ್ ಮಾಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಎಷ್ಟು ತೆಗೆಯಬಹುದು ಅಂತ ಬರೆದುಕೊಡಬೇಕು, ಎಷ್ಟು ತೆಗೆದರು ಅಂತ ಅವರಿಂದ ಬರೆಸಿಕೊಳ್ಳಬೇಕು.

ಮೂರನೇ ಬೋರ್‌ನಲ್ಲಿ ಉಗುರಿಗೆ ಸಿಕ್ಕುವಷ್ಟು ಆಳದ ಉದ್ದ ಗೀರು. ಉಗುರಿಗೆ ಸಿಕ್ಕುವ ಗೀರನ್ನು ಹೋನಿಂಗ್ ಅಳಿಸುವುದಿಲ್ಲ. ಓವರ್‌ಸೈಜ್ ಪಿಸ್ಟನ್ 0.25 ಮತ್ತು 0.50 ಎರಡು ಅಳತೆಯಲ್ಲಿವೆ. 0.25ಕ್ಕೆ ಬೋರ್ ಮಾಡಿದರೂ ಗೀರು ಉಳಿಯುವ ಹಾಗಿದ್ದರಿಂದ 0.50ಕ್ಕೇ ಹೋದದ್ದು. ಬೋರ್ 78.5 ಆದಾಗ ಸಿಸಿ 1598ರಿಂದ 1618ಕ್ಕೆ ಏರುತ್ತದೆ. ಇದು ತಯಾರಕರೇ ಕೊಟ್ಟ ರಿಪೇರಿ ಅಳತೆ, ಶಕ್ತಿ ಹೆಚ್ಚಿಸುವ ಮಾರ್ಪಾಡಲ್ಲ. ಕೊಳ್ಳುವವರಿಗೂ ಹಾಗೆಯೇ ಹೇಳಬೇಕು.

ಕ್ರ್ಯಾಂಕ್ ಜರ್ನಲ್‌ಗಳು (ಬೇರಿಂಗ್ ಒಳಗೆ ತಿರುಗುವ ಭಾಗಗಳು) ಚೆನ್ನಾಗಿದ್ದವು, ಪಾಲಿಶ್ ಸಾಕಾಯಿತು. ಎಂಎಕ್ಸ್-5 ತಿಳಿದವರು ಕೇಳಿಯೇ ಕೇಳುವ ಪ್ರಶ್ನೆ ಕ್ರ್ಯಾಂಕ್‌ನ ಮೂತಿಯದು, ಅಂದರೆ ಪುಲ್ಲಿ ಕೂರುವ ಮುಂದಿನ ತುದಿಯದು. 1991ರವರೆಗಿನ ಮೊದಲ ಗಾಡಿಗಳಲ್ಲಿ ಮೂತಿ ಗಿಡ್ಡ, ಬೋಲ್ಟ್ ಸಣ್ಣ. ಪುಲ್ಲಿ ಸಡಿಲಾದರೆ ಕೀಲಿಯ ಜಾಗವೇ ತಿಂದುಹೋಗುತ್ತದೆ, ಟೈಮಿಂಗ್ ಅಲೆದಾಡುತ್ತದೆ, ಕೊನೆಗೆ ಕ್ರ್ಯಾಂಕ್ ದಂಡ. ಗುರುತಿಸುವುದು ಸುಲಭ: ಮುಂದಿನಿಂದ ಪುಲ್ಲಿ ನೋಡಿದಾಗ ನಾಲ್ಕು ಸೀಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಈ ಗಾಡಿಯದು ಎಂಟು. ಆ ಪುಲ್ಲಿಯ ಫೋಟೋ ಒಂದನ್ನು ಜಾಹೀರಾತಿನಲ್ಲೇ ಹಾಕಿ. ತಿಳಿದವರ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ.

ಲೇತ್‌ನಲ್ಲಿ

ಪಿಸ್ಟನ್ ಕೈಗೆ ಬರುವ ತನಕ ಬೋರಿಂಗ್ ಮಾಡಿಸಬಾರದು. ಡಬ್ಬಿ ಮೇಲೆ 0.50 ಅಂತಿದ್ದರೂ ಪ್ರತಿ ಪಿಸ್ಟನ್‌ನನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕೆ 0.04ರಿಂದ 0.05 ಮಿ.ಮೀ. ಸಂದು ಕೂಡಿಸಿ, ಆ ಅಳತೆಗೆ ಬೋರ್ ಮುಗಿಸಬೇಕು. ಯಾವ ಪಿಸ್ಟನ್ ಯಾವ ಸಿಲಿಂಡರ್‌ಗೆ ಅಂತ ತಲೆಯ ಮೇಲೆ ಮಾರ್ಕರ್‌ನಲ್ಲಿ ಬರೆದೇ ಕೊಡಿ. ಕಲಾಸಿಪಾಳ್ಯದ ಸುತ್ತಮುತ್ತ, ಪೀಣ್ಯದಲ್ಲಿ ಒಳ್ಳೆಯ ಕೈಗಳಿವೆ. ಆದರೆ ಬಹುತೇಕ ಕೆಲಸ ಲಾರಿ, ಟೆಂಪೋಗಳದ್ದು. ಸಣ್ಣ ಪೆಟ್ರೋಲ್ ಎಂಜಿನ್‌ಗೆ ಎಷ್ಟು ಬಿಗಿ ಬೇಕೆಂದು ಮೊದಲೇ ಮಾತಾಡದಿದ್ದರೆ ಡೀಸೆಲ್ ಲೆಕ್ಕದ ಸಂದು ಬಿಡುತ್ತಾರೆ. ಆಗ ತಣ್ಣಗಿದ್ದಾಗ ಪಿಸ್ಟನ್ ಟಕಟಕ ಬಡಿಯುತ್ತದೆ. ಹೊಸ ಎಂಜಿನ್‌ಗೆ ಮೊದಲ ದಿನವೇ ಹಳೇ ಎಂಜಿನ್ ಸದ್ದು.

ಲೇತ್‌ನಿಂದ ಬಂದ ಬ್ಲಾಕ್ ಕಣ್ಣಿಗೆ ಶುಭ್ರ, ಕೈಗಲ್ಲ. ಹೋನಿಂಗ್ ಗೆರೆಗಳ ನಡುವೆ ಕಲ್ಲಿನ ಪುಡಿ ಕೂತಿರುತ್ತದೆ. ಪೆಟ್ರೋಲ್ ಅಥವಾ ಸೀಮೆಎಣ್ಣೆ ಹಾಕಿ ಒರೆಸಿದರೆ ಅದು ಇನ್ನೂ ಒಳಕ್ಕೆ ಇಳಿಯುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್. ಆಮೇಲೆ ಕಂಪ್ರೆಸರ್ ಗಾಳಿ. ಕೂಡಲೇ ಎಣ್ಣೆ ಸವರಿದ ಬಿಳಿ ಪಂಚೆ ತುಂಡು. ಮೊದಲ ಸಲ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ತೊಳೆಯಬೇಕು. ಈ ಬ್ಲಾಕ್‌ಗೆ ನಾಲ್ಕು ಸಲ ಬೇಕಾಯಿತು. ಈ ಒಂದು ಹಂತ ಬಿಟ್ಟಿದ್ದರಿಂದಲೇ ಐದು ಸಾವಿರ ಕಿಲೋಮೀಟರ್‌ಗೆ ಹೊಗೆ ಬಿಡಲು ಶುರುಮಾಡುವ 'ಹೊಸ' ಎಂಜಿನ್‌ಗಳು ಬಹಳ. ರಿಂಗ್ ತಪ್ಪೇನಿರುವುದಿಲ್ಲ, ಪುಡಿ ಅದನ್ನು ಅರೆದುಹಾಕಿರುತ್ತದೆ.

ಕಟ್ಟುವಾಗ ಬರೆದಿಟ್ಟ ಅಂಕಿಗಳು

ಪ್ರತಿ ರಿಂಗನ್ನೂ ಅದರದೇ ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿಯ ಸಂದು ಅಳೆಯಬೇಕು. ಮೇಲಿನ ಎರಡು ರಿಂಗ್‌ಗೆ 0.15ರಿಂದ 0.30 ಮಿ.ಮೀ. ಇಲ್ಲಿ ಎಂಟೂ ರಿಂಗ್ 0.22ರಿಂದ 0.28ರೊಳಗೆ ಕೂತವು. ಮೇನ್ ಬೇರಿಂಗ್ ಎಣ್ಣೆ ಸಂದನ್ನು ಪ್ಲಾಸ್ಟಿಗೇಜ್ ದಾರ (ಒತ್ತಿದಾಗ ಚಪ್ಪಟೆಯಾಗಿ ಸಂದು ಎಷ್ಟೆಂದು ತೋರಿಸುವ ಮೃದು ದಾರ) ಇಟ್ಟು ನೋಡಿದ್ದು: 0.018ರಿಂದ 0.036 ಇರಬೇಕು, ಐದರಲ್ಲೂ 0.025ರಿಂದ 0.030 ಬಂತು. ಚಪ್ಪಟೆಯಾದ ಆ ದಾರವನ್ನು ಅಳತೆ ಕಾಗದದ ಪಕ್ಕದಲ್ಲೇ ಇಟ್ಟು, ಯಾವ ಬೇರಿಂಗ್ ಅಂತ ಚೀಟಿ ಹಚ್ಚಿ ತೆಗೆದ ಫೋಟೋಗಿಂತ ಗಟ್ಟಿ ಸಾಕ್ಷಿ ಈ ಇಡೀ ಕೆಲಸದಲ್ಲಿ ಇನ್ನೊಂದಿಲ್ಲ. ಎಂಜಿನ್ ಮುಚ್ಚಿದ ಮೇಲೆ ಅದನ್ನು ಯಾರೂ ಮತ್ತೆ ನೋಡಲಾರರು.

ಬೋಲ್ಟ್ ಬಿಗಿಸುವ ಟಾರ್ಕ್: ಮೇನ್ ಬೇರಿಂಗ್ ಕ್ಯಾಪ್ 54ರಿಂದ 59 ನ್ಯೂಟನ್ ಮೀಟರ್. ಹೆಡ್ ಬೋಲ್ಟ್ 76ರಿಂದ 81, ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ, ಮಧ್ಯದಿಂದ ಹೊರಕ್ಕೆ. ಬೋಲ್ಟ್ ತೂತಿನ ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ ಬ್ಲಾಕ್ ಬಿರಿಯಬಹುದು, ಟಾರ್ಕ್ ರೆಂಚ್ ಸುಳ್ಳು ಹೇಳಬಹುದು. ಮೊದಲು ಗಾಳಿ ಹೊಡೆಯಿರಿ. ಕ್ಯಾಮ್ ಕ್ಯಾಪ್ 11ರಿಂದ 14 ಮಾತ್ರ. ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋಗುವುದು ಬಹುತೇಕ ಇಲ್ಲೇ. ಉದ್ದ ಮೂತಿಯ ಕ್ರ್ಯಾಂಕ್‌ಗೆ ಪುಲ್ಲಿ ಬೋಲ್ಟ್ 157ರಿಂದ 167.

ಟೈಮಿಂಗ್ ಬೆಲ್ಟ್ ಹಾಕುವಾಗ ಇನ್‌ಟೇಕ್ ಪುಲ್ಲಿಯ 'ಐ' ಗುರುತು, ಎಕ್ಸಾಸ್ಟ್ ಪುಲ್ಲಿಯ 'ಇ' ಗುರುತು ಹಿಂದಿನ ತಗಡಿನ ಗುರುತುಗಳಿಗೆ ಹೊಂದಬೇಕು. ಹೊಂದಿದಂತೆ ಕಂಡರೂ ನಂಬಬೇಡಿ: ಎರಡೂ ಗುರುತುಗಳ ನಡುವೆ ಬೆಲ್ಟ್‌ನ ಹಲ್ಲು ಎಣಿಸಿ, 19 ಇರಬೇಕು. ಕೈಯಿಂದ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಎಣಿಸಿ. ಒಂದು ಹಲ್ಲು ಆಚೀಚೆ ಆದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಪಿಕಪ್ ಮಾತ್ರ ಇರುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಬಂದವರು "ಸ್ಪೋರ್ಟ್ಸ್ ಕಾರು ಅಂದ್ರಿ, ಎಳೀತಾನೇ ಇಲ್ಲ" ಅನ್ನುವುದು ಇದರಿಂದಲೂ ಆಗಬಹುದು.

ಹೆಡ್‌ನ ಹಿಂಭಾಗದಲ್ಲಿ, ಫೈರ್‌ವಾಲ್ ಕಡೆಗೆ, ಕ್ಯಾಮ್ ಆಂಗಲ್ ಸೆನ್ಸರ್ ಕೂತಿದೆ. ಅದರ ಒಳಗಿನ ಸಣ್ಣ ಓ-ರಿಂಗ್ ವರ್ಷಗಳ ಬಿಸಿಗೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿ, ಎಣ್ಣೆ ಜಿನುಗಿ, ಹೆಡ್ ಹಿಂಬದಿಯಿಂದ ಇಳಿದು ಗೇರ್‌ಬಾಕ್ಸ್‌ನ ಬೆಲ್ ಹೌಸಿಂಗ್ ಮೇಲೆ ಬೀಳುತ್ತದೆ. ಕೆಳಗಿನಿಂದ ನೋಡಿದವರಿಗೆ ಅದು ಕ್ರ್ಯಾಂಕ್‌ನ ಹಿಂದಿನ ಸೀಲ್ ಸೋರಿದಂತೆಯೇ ಕಾಣುತ್ತದೆ, ಗೇರ್‌ಬಾಕ್ಸ್ ಇಳಿಸುವ ಖರ್ಚಿನ ಲೆಕ್ಕ ಹಾಕಿ ಬೆಲೆ ಕಡಿಯುತ್ತಾರೆ. ಬದಲಿಸಲು ಬೇಕಾದದ್ದು ಒಂದು ರಬ್ಬರ್ ಉಂಗುರ. ಎಂಜಿನ್ ಹೊರಗಿದ್ದಾಗ ಎರಡು ನಿಮಿಷದ ಕೆಲಸ. ಗಾಡಿಯೊಳಗೆ ಕೂತ ಮೇಲೆ ಕೈ ತೂರಿಸಲೂ ಜಾಗವಿಲ್ಲ. ಸೆನ್ಸರ್ ಬಿಚ್ಚುವ ಮುಂಚೆ ಅದು ಕೂತಿದ್ದ ಜಾಗಕ್ಕೆ ಗೀರು ಹಾಕಿ, ಏಕೆಂದರೆ ಅದನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ.

ಇಗ್ನಿಷನ್ ಟೈಮಿಂಗ್ 10 ಡಿಗ್ರಿ, ಐಡಲ್ 850 ಆರ್‌ಪಿಎಂ. ಎರಡನ್ನೂ ಹೊಂದಿಸುವಾಗ ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ 'ಟೆನ್' ಮತ್ತು 'ಗ್ರೌಂಡ್' ಪಿನ್‌ಗಳ ನಡುವೆ ತಂತಿ ಕೊಡಲೇಬೇಕು. ಕೊಡದಿದ್ದರೆ ಕಂಪ್ಯೂಟರ್ ತಾನೇ ಟೈಮಿಂಗ್ ಹಿಂದೆಮುಂದೆ ಮಾಡುತ್ತಿರುತ್ತದೆ, ಟೈಮಿಂಗ್ ಲೈಟ್‌ನಲ್ಲಿ ಕಂಡದ್ದು ನಿಜವಾದ ಲೆಕ್ಕವಲ್ಲ.

ಕೂಲೆಂಟ್ ಒಟ್ಟು 6 ಲೀಟರ್, ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಗಾಳಿ ತೆಗೆಯಲು ಬೇರೆ ಸ್ಕ್ರೂ ಇಲ್ಲ. ಗಾಡಿಯ ಮೂತಿ ಎತ್ತಿ ನಿಲ್ಲಿಸಿ, ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಥರ್ಮೋಸ್ಟಾಟ್ ತೆರೆಯುವ ತನಕ ಓಡಿಸಬೇಕು.

ಮೊದಲ 1500 ಕಿಲೋಮೀಟರ್

ಎಂಜಿನ್ ಕಟ್ಟಿದ ವಾರವೇ ಗಾಡಿ ಮಾರಬೇಡಿ. ಸೊನ್ನೆ ಕಿಲೋಮೀಟರ್ ಎಂಜಿನ್ ಅಂದರೆ ಕೇಳಲು ಚೆಂದ, ಆದರೆ ರಿಂಗ್ ಕೂರದ ಎಂಜಿನ್ ಇನ್ನೂ ಪರೀಕ್ಷೆ ಬರೆಯದ ಹುಡುಗನ ಹಾಗೆ. ಪಾಸೋ ಫೇಲೋ ಮಾರುವವರಿಗೂ ಗೊತ್ತಿಲ್ಲ. ರನ್ನಿಂಗ್-ಇನ್ (ರಿಂಗ್ ಕೂರಲು ಬೇಕಾದ ಮೊದಲ ಓಟ) ಕೊಳ್ಳುವವರ ಕೈಗೆ ಬಿಟ್ಟರೆ ಅವರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮಾಡುತ್ತಾರೆ, ಕೆಟ್ಟ ಹೆಸರು ಮಾತ್ರ ಕಟ್ಟಿದವರಿಗೆ.

ರಿಂಗ್ ಬೋರ್‌ಗೆ ಒತ್ತುವುದು ತನ್ನ ಸ್ಪ್ರಿಂಗ್ ಬಲದಿಂದ ಸ್ವಲ್ಪ, ಉರಿಯುವ ಅನಿಲ ಹಿಂದಿನಿಂದ ತಳ್ಳುವುದರಿಂದ ಹೆಚ್ಚು. ನಿಂತಲ್ಲೇ ಐಡಲ್‌ನಲ್ಲಿ ಓಡಿಸಿದರೆ ಆ ಒತ್ತಡ ಇರುವುದಿಲ್ಲ. ಹೋನಿಂಗ್ ಗೆರೆ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ. ಆಮೇಲೆ ಎಷ್ಟೇ ಓಡಿಸಿದರೂ ರಿಂಗ್ ಕೂರುವುದಿಲ್ಲ, ಎಣ್ಣೆ ಕುಡಿಯುವ ಎಂಜಿನ್ ಆಗಿಯೇ ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಐದಕ್ಕೆ ಹೊರಟು ಬಳ್ಳಾರಿ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಊರ ಟ್ರಾಫಿಕ್ ಏಳುವ ಮುಂಚೆ ಮುಗಿಸಬೇಕು. ಮೂರನೇ, ನಾಲ್ಕನೇ ಗೇರಿನಲ್ಲಿ 2000ದಿಂದ 4000ಕ್ಕೆ ಅರ್ಧ ಒತ್ತಿ ಎಳೆಯುವುದು, ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಡುವುದು, ಮತ್ತೆ ಎಳೆಯುವುದು. ಒಂದೇ ವೇಗದಲ್ಲಿ ನೂರು ಕಿಲೋಮೀಟರ್ ಹೋಗುವುದೂ ಬೇಡ.

ಮೊದಲು ಮಿನರಲ್ ಎಣ್ಣೆ, ಫಿಲ್ಟರ್ ಸೇರಿ 3.6 ಲೀಟರ್. ಎಣ್ಣೆ ಮತ್ತು ಫಿಲ್ಟರ್ 50, 500, 1500 ಕಿಲೋಮೀಟರ್‌ಗೆ ಬದಲು. ಪ್ರತಿ ಸಲವೂ ಹಳೇ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮೊದಲನೆಯದರಲ್ಲಿ ಸಣ್ಣ ಮಿಂಚು ಸಹಜ. 500ರಲ್ಲಿ ಬಹುತೇಕ ಇರಬಾರದು. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಸವೆಯುತ್ತಿದೆ, ಅಲ್ಲೇ ನಿಲ್ಲಿಸಿ ಸಂಪ್ ಇಳಿಸಿ. ಈ ಮೂರೂ ಫಿಲ್ಟರ್ ಕಾಗದಗಳನ್ನು ಜಿಪ್ ಕವರ್‌ನಲ್ಲಿ ಹಾಕಿ ದಿನಾಂಕ ಬರೆದು ಇಟ್ಟುಕೊಳ್ಳಿ.

ಈ ಎಂಜಿನ್‌ನ ಹೈಡ್ರಾಲಿಕ್ ಟ್ಯಾಪೆಟ್‌ಗಳು ತಣ್ಣಗಿದ್ದಾಗ ಕೆಲ ಸೆಕೆಂಡು ಟಿಕ್‌ಟಿಕ್ ಅನ್ನುತ್ತವೆ. ಸದ್ದು ಅಡಗಿಸಲು ಕೆಲವರು 20ಡಬ್ಲ್ಯೂ-50 ಸುರಿಯುತ್ತಾರೆ; ದಪ್ಪ ಎಣ್ಣೆ ಅಷ್ಟು ಸಣ್ಣ ದಾರಿಯಲ್ಲಿ ಮೇಲೇರಲು ತಡವಾಗಿ ಸದ್ದು ಹೆಚ್ಚೇ ಆಗುತ್ತದೆ. 10ಡಬ್ಲ್ಯೂ-30 ಸಾಕು.

ಕಂಪ್ರೆಷನ್: ಊರಿನ ಎತ್ತರ ಮರೆಯಬೇಡಿ

ಈ ದಾಖಲೆಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮ್ಯಾನ್ಯುಯಲ್ ಪ್ರಕಾರ ಈ ಎಂಜಿನ್‌ಗೆ ಕಂಪ್ರೆಷನ್ 192 ಪಿಎಸ್‌ಐ, ಕನಿಷ್ಠ 135, ಸಿಲಿಂಡರ್‌ಗಳ ನಡುವೆ ವ್ಯತ್ಯಾಸ 28 ದಾಟಬಾರದು. ಓದಿಕೊಂಡು ಬಂದವರು ಗೇಜ್‌ನಲ್ಲಿ 170 ನೋಡಿ "ಇದು ಸವೆದ ಎಂಜಿನ್" ಅನ್ನುತ್ತಾರೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 90. ಸಿಲಿಂಡರ್ ಒಳಗೆ ಹೋಗುವ ಗಾಳಿಯೇ ಅಷ್ಟು ಕಡಿಮೆ. ಲೆಕ್ಕ ಹಾಕಿದರೆ ಚೆನ್ನೈನಲ್ಲಿ 192 ತೋರಿಸುವ ಎಂಜಿನ್ ಇಲ್ಲಿ 172ರ ಆಸುಪಾಸು ತೋರಿಸಬೇಕು. ಅದಕ್ಕಿಂತ ಬಹಳ ಹೆಚ್ಚು ಬಂದರೇ ಅನುಮಾನಪಡಬೇಕು: ಹೆಡ್ ಹೆಚ್ಚು ಫೇಸ್ ಆಗಿದೆ, ಇಲ್ಲವೇ ಗೇಜ್ ಸರಿಯಿಲ್ಲ.

ಪರೀಕ್ಷೆಯ ಕ್ರಮ: ಎಂಜಿನ್ ಪೂರ್ತಿ ಬಿಸಿ, ಬ್ಯಾಟರಿ ಪೂರ್ತಿ ಚಾರ್ಜ್, ನಾಲ್ಕೂ ಪ್ಲಗ್ ಹೊರಗೆ, ಕ್ಯಾಮ್ ಆಂಗಲ್ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ (ಕಿಡಿಯೂ ಪೆಟ್ರೋಲೂ ನಿಲ್ಲುತ್ತವೆ), ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದು, ಪ್ರತಿ ಸಿಲಿಂಡರ್‌ಗೂ ಒಂದೇ ಲೆಕ್ಕದಲ್ಲಿ ಆರು ಬಡಿತ. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಒಳಗೆ ಬರದೆ ಎಲ್ಲವೂ ಕಡಿಮೆ ತೋರಿಸುತ್ತವೆ. ಮೊದಲ ಸಿಲಿಂಡರ್ ಚೆನ್ನಾಗಿದ್ದು ಕೊನೆಯದು ಕಡಿಮೆ ಬಂದರೆ ಬ್ಯಾಟರಿ ಇಳಿದಿದೆಯೇ ನೋಡಿ, ಮೊದಲನೆಯದನ್ನು ಮತ್ತೆ ಅಳೆಯಿರಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಣ್ಣೆ ಬಿಟ್ಟು ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

1500 ಕಿಲೋಮೀಟರ್‌ಗೆ ಬಂದ ಅಂಕಿ: 170, 172, 168, 171. ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು) ನಾಲ್ಕರಲ್ಲೂ ಶೇ 8ರೊಳಗೆ. ಬಿಸಿಯಾದ ಮೇಲೆ 3000 ಆರ್‌ಪಿಎಂನಲ್ಲಿ ಎಣ್ಣೆ ಒತ್ತಡ ಚದರ ಸೆಂ.ಮೀ.ಗೆ 3ರಿಂದ 4 ಕೆಜಿಯ ನಡುವೆ. ಆ ಕಾಲದ ಎಂಎಕ್ಸ್-5ರ ಡ್ಯಾಶ್‌ಬೋರ್ಡ್ ಮೇಲಿನ ಆಯಿಲ್ ಗೇಜ್ ನಿಜವಾದ ಅಳತೆಯನ್ನೇ ತೋರಿಸುತ್ತದೆ, ಐಡಲ್‌ನಲ್ಲಿ ಮುಳ್ಳು ಇಳಿಯುವುದು ಸಹಜ. ನೋಡಲು ಬಂದವರಿಗೆ ಇದನ್ನು ಮೊದಲೇ ಹೇಳಿ.

ಟಾಪ್, ನೀರು, ತುಕ್ಕು

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಓಪನ್ ಟಾಪ್ ಗಾಡಿಯ ಬೆಲೆ ನಿರ್ಧರಿಸುವುದು ತುಕ್ಕು, ತುಕ್ಕು ನಿರ್ಧರಿಸುವುದು ಎರಡು ಸಣ್ಣ ತೂತು. ಟಾಪ್ ಮೇಲಿನ ಮಳೆನೀರು ಹಿಂದಿನ ದೋಣಿಯಂಥ ಪಟ್ಟಿಗೆ ಇಳಿದು, ಸೀಟುಗಳ ಹಿಂದೆ ಎಡಬಲದಲ್ಲಿರುವ ಕೊಳವೆಗಳ ಮೂಲಕ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಗುಲ್‌ಮೊಹರ್ ಎಲೆ, ಹೂವಿನ ಎಸಳು, ಧೂಳು ಸೇರಿ ಅಲ್ಲಿ ಗೊಬ್ಬರವೇ ಆಗಿರುತ್ತದೆ. ನೀರು ಕಟ್ಟಿಕೊಂಡು ಕಾರ್ಪೆಟ್‌ಗೆ ಇಳಿಯುತ್ತದೆ, ಸಿಲ್ (ಬಾಗಿಲ ಕೆಳಗಿನ ಟೊಳ್ಳು ಪಟ್ಟಿ) ಒಳಗೆ ನಿಲ್ಲುತ್ತದೆ, ಒಳಗಿನಿಂದ ಹೊರಕ್ಕೆ ತಿನ್ನುತ್ತದೆ.

ಕೊಳವೆಗೆ ಗಟ್ಟಿ ತಂತಿ ತೂರಿಸಬೇಡಿ, ತೂತಾದರೆ ನೀರು ನೇರ ಸಿಲ್‌ಗೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಒಂದೊಂದು ಬದಿಗೆ ಒಂದು ಲೀಟರ್ ನೀರು ನಿಧಾನಕ್ಕೆ ಸುರಿದು, ಕೆಳಗೆ ಕಾಗದ ಹಾಸಿ, ಅಷ್ಟೂ ನೀರು ಬಿತ್ತೇ ನೋಡಿ. ಕೊಳ್ಳುವವರ ಎದುರಿಗೂ ಇದನ್ನೇ ಮಾಡಿ ತೋರಿಸಿ. ಹಿಂದಿನ ಚಕ್ರದ ಮುಂದಿನ ಸಿಲ್ ಮೇಲೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಇಟ್ಟು ನೋಡಲಿ. ಪುಟ್ಟಿ ತುಂಬಿದ್ದ ಜಾಗದಲ್ಲಿ ಅದು ಕಚ್ಚುವುದಿಲ್ಲ. ಈ ಗಾಡಿಯ ಎಡಗಡೆ ಸಿಲ್‌ನಲ್ಲಿ ಅಂಗೈಯಗಲ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿದೆ, ಕೆಲಸದ ನಡುವಿನ ಫೋಟೋ ಫೈಲಿನಲ್ಲಿದೆ. ಮುಚ್ಚಿಡುವುದಕ್ಕಿಂತ ಅದೇ ಲಾಭ.

ಹಿಂದಿನ ಕಿಟಕಿ ಪ್ಲಾಸ್ಟಿಕ್. ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆ ಮಲಗಿಸದೆ ಟಾಪ್ ಮಡಚಿದರೆ ಮಡಿಕೆ ಬಿದ್ದಲ್ಲಿ ಬಿರಿಯುತ್ತದೆ. ಟೆಸ್ಟ್ ಡ್ರೈವ್‌ಗೆ ಬಂದವರು ಉತ್ಸಾಹದಲ್ಲಿ ಟಾಪ್ ಎಳೆಯುವ ಮುಂಚೆ ನೀವೇ ಮಾಡಿ. ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳಲ್ಲಿ ಹೊಲಿಗೆ, ಜಿಪ್ ದುರಸ್ತಿ ಚೆನ್ನಾಗಿ ಮಾಡುತ್ತಾರೆ. ಪೂರ್ತಿ ಟಾಪ್ ಹೊಲಿಸುವುದಕ್ಕಿಂತ ಅಳತೆಗೆ ಕತ್ತರಿಸಿ ಬರುವ ಹೊಸ ಟಾಪ್ ತರಿಸುವುದೇ ಮೇಲು, ಏಕೆಂದರೆ ಒಂದು ಸೆಂಟಿಮೀಟರ್ ಬಿಗಿ ಹೆಚ್ಚಾದರೂ ಮುಂದಿನ ಕೊಕ್ಕೆ ಕೂರುವುದಿಲ್ಲ.

ಬ್ಯಾಟರಿ ಡಿಕ್ಕಿಯಲ್ಲಿದೆ. ಮೂಲ ಬ್ಯಾಟರಿಗೆ ಗಾಳಿ ಹೊರಹಾಕುವ ಕೊಳವೆ ಇರುತ್ತದೆ. ಸಾಮಾನ್ಯ ಬ್ಯಾಟರಿ ತುರುಕಿದರೆ ಆಸಿಡ್ ಹಬೆ ಡಿಕ್ಕಿಯಲ್ಲೇ ಕೂತು ತಗಡು ತಿನ್ನುತ್ತದೆ, ಮ್ಯಾಟ್ ಎತ್ತಿ ನೋಡಿ. ಇನ್ನೊಂದು, ಇತ್ತೀಚಿನದು: ಪಂಪುಗಳಲ್ಲಿ ಈಗ ಶೇ 20 ಎಥನಾಲ್ ಬೆರೆತ ಪೆಟ್ರೋಲ್. 1992ರ ರಬ್ಬರ್ ಹೋಸ್‌ಗಳು ಅದಕ್ಕೆ ಮಾಡಿದವಲ್ಲ. ಟ್ಯಾಂಕ್, ಫಿಲ್ಟರ್, ಇಂಜೆಕ್ಟರ್ ರೈಲ್ ಬಳಿಯ ಎಲ್ಲಾ ಹೋಸ್ ತೆಗೆದು ಎಥನಾಲ್ ತಡೆಯುವ, ಇಂಜೆಕ್ಷನ್ ಒತ್ತಡದ ದರ್ಜೆ ಮುದ್ರಿಸಿದ ಹೋಸ್ ಹಾಕಿದೆ. ಹೋಸ್ ಮೇಲಿನ ಮುದ್ರಣ ಕಾಣುವಂತೆ ಕೂರಿಸಿ.

ಕಾಗದಪತ್ರ

ಫಾರಂ 29 (ಮಾರಿದ್ದನ್ನು ತಿಳಿಸುವುದು) ಎರಡು ಪ್ರತಿ, ಫಾರಂ 30 (ಹೆಸರು ವರ್ಗಾವಣೆಯ ಅರ್ಜಿ), ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್, ಚಾಸಿ ಮತ್ತು ಎಂಜಿನ್ ನಂಬರ್‌ನ ಪೆನ್ಸಿಲ್ ಪ್ರಿಂಟ್. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಸಾಲ ಇದ್ದಿದ್ದರೆ ಫಾರಂ 35, ಬೇರೆ ರಾಜ್ಯಕ್ಕಾದರೆ ಫಾರಂ 28ರ ಎನ್‌ಓಸಿ. ಆಮದು ಗಾಡಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ); ಅದು ಕಳೆದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ತಿಳಿದವರು ಮುಟ್ಟುವುದಿಲ್ಲ.

ಬೆಲೆಯ ಮೇಲೆ ನೇರ ಪೆಟ್ಟು ಕೊಡುವ ಅಂಕಿ ಇನ್ನೊಂದಿದೆ. 15 ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆಮದು ಕಾರಿಗೆ ಆ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ. 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ದಾಟಿದವಕ್ಕೆ 80,000. ಹಸಿರು ತೆರಿಗೆ ಬೇರೆ. ಆದ್ದರಿಂದ ಆರ್‌ಸಿಯಲ್ಲಿ ನಾಲ್ಕು ವರ್ಷ ಉಳಿದಿದೆಯೋ ನಾಲ್ಕು ತಿಂಗಳೋ ಅನ್ನುವುದನ್ನು ಜಾಹೀರಾತಿನ ಎರಡನೇ ಸಾಲಿನಲ್ಲೇ ಬರೆಯಿರಿ. ಕಡಿಮೆ ಉಳಿದಿದ್ದರೆ ನೀವೇ ನವೀಕರಿಸಿ ಮಾರುವುದು ವಾಸಿ: ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಪಾಸಾದ ಗಾಡಿ ಅನ್ನುವುದೂ ಒಂದು ಸಾಕ್ಷಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಬಾಕಿ ಟ್ರಾಫಿಕ್ ದಂಡ ಇವೂ ಮೊದಲೇ ಮುಗಿದಿರಲಿ.

ಎಮಿಷನ್ ಟೆಸ್ಟ್‌ಗೆ ಈ ಕಾಲದ ಪೆಟ್ರೋಲ್ ಕಾರಿನ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ. ಚೆನ್ನಾಗಿ ಕಟ್ಟಿದ ಎಂಜಿನ್ ಇದರ ಎಷ್ಟೋ ಕೆಳಗೆ ಬರುತ್ತದೆ. ಪಾಸ್ ಅನ್ನುವ ಚೀಟಿಗಿಂತ ಅದರ ಮೇಲಿನ ಅಂಕಿಯೇ ಹೆಚ್ಚು ಹೇಳುತ್ತದೆ.

ಜಾಹೀರಾತು ಮತ್ತು ಗಾಡಿ ತೋರಿಸುವುದು

"ಹೊಸ ಎಂಜಿನ್" ಅಂತ ಬರೆಯಬೇಡಿ, ಅದು ಸುಳ್ಳು. ಹೀಗೆ ಬರೆಯಿರಿ: "ಮೂಲ ಬ್ಲಾಕ್, ಆರ್‌ಸಿಯಲ್ಲಿರುವ ಅದೇ ಎಂಜಿನ್ ನಂಬರ್. 0.50 ಓವರ್‌ಸೈಜ್ ಪಿಸ್ಟನ್, ಹೊಸ ಬೇರಿಂಗ್, ರೇಡಿಯೇಟರ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್. ಕೆಲಸದ ನಂತರ 1,500 ಕಿ.ಮೀ. ಓಡಿದೆ. ಬೆಂಗಳೂರಿನಲ್ಲಿ ಅಳೆದ ಕಂಪ್ರೆಷನ್ 168ರಿಂದ 172. ಎಡ ಸಿಲ್‌ನಲ್ಲಿ ವೆಲ್ಡಿಂಗ್ ಆಗಿದೆ. ಮೀಟರ್ ಮೈಲಿಯಲ್ಲಿದೆ." ಬಂದ ಕರೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಬಂದವರು ಮಾತ್ರ ನಿಜವಾಗಿ ಕೊಳ್ಳುವವರು.

ಎಂಜಿನ್‌ಗೆ ಹಾಕಿದ ಹಣವೆಲ್ಲ ಬೆಲೆಯಲ್ಲಿ ವಾಪಸ್ ಬರುವುದಿಲ್ಲ. ಓಡುವ ಸ್ಥಿತಿಯ ಅದೇ ಗಾಡಿಗಿಂತ ಸ್ವಲ್ಪ ಹೆಚ್ಚು, ಕೆಟ್ಟು ನಿಂತ ಗಾಡಿಗಿಂತ ಬಹಳ ಹೆಚ್ಚು, ಅಷ್ಟೇ. ಬಿಲ್‌ಗಳನ್ನು ಕೂಡಿಸಿ ಬೆಲೆ ಕೇಳುವವರ ಗಾಡಿ ವರ್ಷಗಟ್ಟಲೆ ಹೊದಿಕೆ ಕೆಳಗೇ ಇರುತ್ತದೆ.

ನೋಡಲು ಬರುವವರಿಗೆ ಬೆಳಿಗ್ಗೆ ಬರಲು ಹೇಳಿ, ಅವರು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಬಾನೆಟ್ ಮೇಲೆ ಅವರೇ ಕೈಯಿಟ್ಟು ತಣ್ಣಗಿದೆ ಅಂತ ನೋಡಲಿ. ಬಿಸಿ ಮಾಡಿಟ್ಟ ಎಂಜಿನ್ ಎಲ್ಲ ಕಾಯಿಲೆಯನ್ನೂ ಮುಚ್ಚಿಹಾಕುತ್ತದೆ ಅಂತ ತಿಳಿದವರಿಗೆ ಗೊತ್ತು. ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಲಿ: ಬಿಳಿ ಆವಿ ಬೇಗ ಮಾಯವಾದರೆ ಅದು ಬರೀ ತೇವ, ಸಿಹಿ ವಾಸನೆಯೊಂದಿಗೆ ಉಳಿದರೆ ಕೂಲೆಂಟ್, ನೀಲಿ ಕಂಡರೆ ಎಣ್ಣೆ. ಆಮೇಲೆ ಲೈಸೆನ್ಸ್ ಫೋಟೋ ತೆಗೆದುಕೊಂಡು, ನೀವೂ ಪಕ್ಕದಲ್ಲಿ ಕೂತು, ಖಾಲಿ ರಸ್ತೆಯಲ್ಲಿ ಹದಿನೈದು ನಿಮಿಷ, ಟ್ರಾಫಿಕ್‌ನಲ್ಲಿ ಹತ್ತು ನಿಮಿಷ. ಟ್ರಾಫಿಕ್ ಬೇಕೇ ಬೇಕು, ಬಿಸಿಯೇರುತ್ತಿದ್ದ ಗಾಡಿ ಈಗ ಬಿಸಿಯೇರುವುದಿಲ್ಲ ಅಂತ ತೋರಿಸುವ ಜಾಗ ಅದೇ. ಮುಳ್ಳು ಮಧ್ಯದಲ್ಲೇ ನಿಂತು ಫ್ಯಾನ್ ಓಡಿ ನಿಲ್ಲುವುದನ್ನು ಅವರು ಕೇಳಿಸಿಕೊಳ್ಳಲಿ. ಕಂಪ್ರೆಷನ್ ತಾವೇ ಅಳೆಯಬೇಕು ಅಂದರೆ ಸಂತೋಷದಿಂದ ಪ್ಲಗ್ ಬಿಚ್ಚಿಕೊಡಿ, ಅವರದೇ ಗೇಜ್ ತರಲಿ.

ಹಣ ಬ್ಯಾಂಕ್ ಮೂಲಕವೇ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಕೊಟ್ಟ ದಿನ, ಗಂಟೆ ಬರೆದ ಡೆಲಿವರಿ ನೋಟ್‌ಗೆ ಇಬ್ಬರ ಸಹಿ. ಗಾಡಿಯ ಜೊತೆ ಅಳತೆ ಹಾಳೆ, ಬಿಲ್‌ಗಳು, ಮೂರು ಫಿಲ್ಟರ್ ಕಾಗದ, ತೆಗೆದ ಹಳೇ ಪಿಸ್ಟನ್‌ಗಳ ಪೆಟ್ಟಿಗೆ, ಫೋಟೋಗಳ ಪೆನ್‌ಡ್ರೈವ್ ಕೊಡಿ. ಎಣ್ಣೆ ಕ್ಯಾಪ್‌ಗೆ ಮುಂದಿನ ಬದಲಾವಣೆಯ ಮೈಲಿ ಬರೆದ ಚೀಟಿ ಕಟ್ಟಿ. ಫಾಸ್ಟ್ಯಾಗ್ ಗಾಜಿನಿಂದ ಕಿತ್ತರೆ ಸಾಲದು, ಖಾತೆಯಲ್ಲೂ ಮುಚ್ಚಿಸಿ. ಟ್ಯಾಗ್ ಹಾಗೇ ಬಿಟ್ಟುಕೊಟ್ಟರೆ ಕೊಂಡವರು ದೇವನಹಳ್ಳಿ ಟೋಲ್ ದಾಟಿದಾಗಲೆಲ್ಲ ನಿಮ್ಮ ಹಣ ಕಡಿತವಾಗುತ್ತಿರುತ್ತದೆ.